ಆಲ್ಪ್ಸ್ ದಾಟುವ ರೈಲುಗಳು: ಬರ್ನಿನಾವೋ, ಗ್ಲೇಸಿಯರೋ, ಶಿಖರದ ರೈಲೋ?

ಸ್ವಿಟ್ಜರ್ಲೆಂಡಿಗೆ ಹೊರಟವರ ಪಟ್ಟಿಯಲ್ಲಿ ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್, ಯುಂಗ್‌ಫ್ರಾವ್‌ಯೋಖ್ ಮೂರೂ ಒಂದೇ ಸಾಲಿನಲ್ಲಿರುತ್ತವೆ. ಇವು ಒಂದೇ ಜಾತಿಯ ರೈಲುಗಳಲ್ಲ. ಮೊದಲೆರಡು ಘಾಟಿ ದಾಟಿಸಿ ಒಂದು ಕಣಿವೆಯಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಮೂರನೆಯದು ತುದಿಗೆ ಹತ್ತಿಸಿ, ಅಲ್ಲಿಂದ ಮತ್ತೆ ಕೆಳಗಿಳಿಸುತ್ತದೆ. ಆಯ್ಕೆ ಶುರುವಾಗಬೇಕಾದದ್ದು ಇಲ್ಲಿಂದ. ಘಾಟಿ ದಾಟುವ ರೈಲಿನಲ್ಲಿ ಮೇಲ್ಗಡೆ ಮೋಡ ಕವಿದಿದ್ದರೂ ಕೆಳಗಿನ ಸೇತುವೆ, ಹಳ್ಳಿ, ನದಿ ಕಾಣುತ್ತವೆ. ತಿಂಗಳುಗಳ ಮುಂಚೆ ದಿನ ಗೊತ್ತುಮಾಡಿಕೊಂಡರೂ ಪೂರ್ತಿ ನಷ್ಟವಾಗುವುದು ಅಪರೂಪ. ಶಿಖರದ ರೈಲಿನಲ್ಲಿ ಹಾಗಲ್ಲ. ಮೋಡ ಇಳಿದರೆ ಕಾಣುವುದು ಬರೀ ಬಿಳುಪು, ಖರ್ಚು ಮಾತ್ರ ಪೂರ್ತಿ. ಆದ್ದರಿಂದ ಮೊದಲನೆಯ ಬಗೆಗೆ ಊರಿನಿಂದಲೇ ಸೀಟು ಹಿಡಿಯಿರಿ. ಎರಡನೆಯದಕ್ಕೆ ಎರಡು ಮೂರು ದಿನ ಸಡಿಲವಾಗಿಟ್ಟುಕೊಂಡು, ಶಿಖರದ ವೆಬ್‌ಕ್ಯಾಮ್ ನೋಡಿ ಅಂದಿನ ಬೆಳಿಗ್ಗೆಯೇ ತೀರ್ಮಾನಿಸಿ.

ಹಳಿ ಒಂದೇ, ಬೋಗಿ ಬೇರೆ

ಜಾಹೀರಾತುಗಳು ಒತ್ತಿ ಹೇಳದ ವಿಷಯವೊಂದಿದೆ. ಹೆಸರುವಾಸಿ ಎಕ್ಸ್‌ಪ್ರೆಸ್‌ಗಳಿಗೆ ಪ್ರತ್ಯೇಕ ಹಳಿಯೇನೂ ಇಲ್ಲ. ಅದೇ ಹಳಿಯ ಮೇಲೆ ಸ್ಥಳೀಯರು ಶಾಲೆಗೆ, ಸಂತೆಗೆ, ಕೆಲಸಕ್ಕೆ ಹೋಗುವ ಸಾಮಾನ್ಯ ರೈಲುಗಳು ದಿನವಿಡೀ, ಬಹುತೇಕ ಗಂಟೆಗೊಂದರಂತೆ ಓಡುತ್ತವೆ. ಬೆಟ್ಟ, ಸೇತುವೆ, ಸುರಂಗ ಎಲ್ಲವೂ ಅವೇ. ರಿಸರ್ವೇಶನ್ ಹಣ ಕೊಟ್ಟು ನೀವು ಕೊಳ್ಳುವುದು ಚಾವಣಿಯವರೆಗೆ ಬಾಗಿದ ಗಾಜು, ಖಾತ್ರಿಯಾದ ಸೀಟು, ಕಿವಿಗೆ ಹಾಕಿಕೊಳ್ಳುವ ವಿವರಣೆ, ಕೆಲವೆಡೆ ಊಟ. ನೋಟವನ್ನಲ್ಲ.

ಗಾಜಿನ ಬೋಗಿಗೂ ತೊಡಕುಗಳಿವೆ. ಕಿಟಕಿ ತೆರೆಯುವುದಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಎದುರು ಸೀಟಿನವರ ಅಂಗಿ ಗಾಜಿನಲ್ಲಿ ಮೂಡಿ ಫೋಟೋ ಕೆಡುತ್ತದೆ. ಗಾಢ ಬಣ್ಣದ ಬಟ್ಟೆ ತೊಟ್ಟು, ಫೋನನ್ನು ಗಾಜಿಗೆ ಒತ್ತಿ ಹಿಡಿದರೆ ಪ್ರತಿಬಿಂಬ ಬಹುಪಾಲು ಹೋಗುತ್ತದೆ. ಸಾಮಾನ್ಯ ರೈಲಿನ ಹಳೆಯ ಬೋಗಿಗಳಲ್ಲಿ ಕಿಟಕಿ ಕೆಳಕ್ಕೆ ಜಾರಿಸಬಹುದು. ಒಳ್ಳೆಯ ಫೋಟೋ ಬೇಕಾದವರಿಗೆ ಅದೇ ಮೇಲು. ಅದಕ್ಕಿಂತ ಮುಖ್ಯವಾಗಿ, ಇಷ್ಟವಾದ ನಿಲ್ದಾಣದಲ್ಲಿ ಇಳಿದು, ಒಂದು ಗಂಟೆ ಅಡ್ಡಾಡಿ, ಮುಂದಿನ ರೈಲು ಹಿಡಿಯಬಹುದು. ಎಕ್ಸ್‌ಪ್ರೆಸ್‌ನಲ್ಲಿ ನಡುವೆ ಇಳಿದರೆ ಆ ರಿಸರ್ವೇಶನ್ ಅಲ್ಲಿಗೆ ಮುಗಿಯಿತು.

ಬರ್ನಿನಾ: ಒಂದೇ ದಿನ ಇದ್ದರೆ ಇದು

ಖೂರ್ ಊರಿನಿಂದ ಇಟಲಿಯ ತಿರಾನೊವರೆಗೆ ಸುಮಾರು ನಾಲ್ಕು ಗಂಟೆ. 196 ಸೇತುವೆ, 55 ಸುರಂಗ. ಈ ದಾರಿಯ ತೂಸಿಸ್‌ನಿಂದ ತಿರಾನೊವರೆಗಿನ ಭಾಗ, ಅಂದರೆ ಆಲ್ಬುಲಾ ಮತ್ತು ಬರ್ನಿನಾ ಮಾರ್ಗಗಳು, 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅತಿ ಎತ್ತರದ ನಿಲ್ದಾಣ ಓಸ್ಪಿಟ್ಸಿಯೊ ಬರ್ನಿನಾ, 2,253 ಮೀಟರ್. ತಿರಾನೊ 429 ಮೀಟರ್. ಹಿಮನದಿಯ ಪಕ್ಕದಿಂದ ದ್ರಾಕ್ಷಿತೋಟದ ಬಿಸಿಲಿಗೆ ಒಂದು ಮಧ್ಯಾಹ್ನದಲ್ಲಿ ಇಳಿಸುವ ರೈಲು ಇದು.

ಇಷ್ಟು ಏರಿಳಿಯಲು ಬರ್ನಿನಾ ಮಾರ್ಗದಲ್ಲಿ ಹಲ್ಲಿನ ಹಳಿ ಇಲ್ಲ. ಗಾಲಿ ಮತ್ತು ಹಳಿಯ ಹಿಡಿತವೊಂದರ ಮೇಲೆಯೇ ಸಾವಿರ ಮೀಟರಿಗೆ 70 ಮೀಟರ್ ಹತ್ತುತ್ತದೆ, ಅಂದರೆ 14 ಮೀಟರಿಗೆ ಒಂದು ಮೀಟರ್. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ ಒಂದು, ಅಷ್ಟಕ್ಕೇ ಅಲ್ಲಿ ಹೆಚ್ಚುವರಿ ಎಂಜಿನ್ ಬೇಕು. ಬರ್ನಿನಾದ ಏರು ಅದರ ಮೂರೂವರೆ ಪಟ್ಟು. ಹಗುರ ಬೋಗಿಗಳು, ಒಂದು ಮೀಟರ್ ಅಗಲದ ಹಳಿ, ಬಿಗಿಯಾದ ತಿರುವುಗಳು ಸೇರಿ ಇದನ್ನು ಸಾಧ್ಯವಾಗಿಸಿವೆ. ರೈಲು ನಿಧಾನ ಹೋಗುವುದಕ್ಕೂ ಅದೇ ಕಾರಣ.

ಬ್ರೂಸಿಯೊದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕಣಿವೆ ಅಲ್ಲಿ ತಟ್ಟನೆ ಕುಸಿಯುತ್ತದೆ, 70ರ ಮಿತಿ ಮೀರುವಂತಿಲ್ಲ. ಹಾಗಾಗಿ ಬಯಲಿನಲ್ಲೇ ಹಳಿಯನ್ನು ಸುತ್ತಿಸಿ ಉದ್ದ ಮಾಡಿದ್ದಾರೆ. ಒಂಬತ್ತು ಕಮಾನುಗಳ ಕಲ್ಲಿನ ಸೇತುವೆಯ ಮೇಲೆ ಸಾಗಿದ ರೈಲು ಒಂದು ಸುತ್ತು ಹಾಕಿ ಅದೇ ಸೇತುವೆಯ ಕಮಾನಿನ ಕೆಳಗೆ ನುಸುಳಿ ಹೊರಬರುತ್ತದೆ. ಸುತ್ತಿನ ನಡುವೆ ಕಿಟಕಿಯಿಂದ ನಿಮ್ಮದೇ ರೈಲಿನ ಕೊನೆಯ ಬೋಗಿ ಮೇಲ್ಗಡೆ ತಿರುಗುತ್ತಿರುತ್ತದೆ. ಎರಡು ನಿಮಿಷದ ಆಟ. ಕ್ಯಾಮೆರಾ ಆಗ ಚೀಲದಿಂದ ತೆಗೆದರೆ ತಡವಾಯಿತು. ಬ್ರೂಸಿಯೊ ನಿಲ್ದಾಣ ದಾಟಿದ ಕೂಡಲೇ ಸಿದ್ಧರಿರಿ.

ಖೂರ್‌ನಿಂದ ತಿರಾನೊ ಕಡೆಗೆ ಹೋಗುವಾಗ ಬಲಬದಿ ಹಿಡಿಯಿರಿ. 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆ ಬಲಕ್ಕೆ ಬಾಗಿ ನೇರ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ, ಬಲಬದಿಯವರಿಗೆ ಎಂಜಿನ್ ಸುರಂಗದೊಳಗೆ ಹೋಗುವುದು ಕಾಣುತ್ತದೆ. ಹಿಂದಿನ ಬೋಗಿಯಾದರೆ ಇನ್ನೂ ಚೆನ್ನ. ಮುಂದೆ ಮೊರ್ಟೆರಾಚ್ ಹಿಮನದಿ, ಲಾಗೊ ಬಿಯಾಂಕೊ ಸರೋವರ, ಬ್ರೂಸಿಯೊ ಸುತ್ತು ಕೂಡ ಬಲಕ್ಕೇ. ವಾಪಸು ಬರುವಾಗ ಎಡ. ಬೆರ್ಗ್ಯೂನ್ ಮತ್ತು ಪ್ರೆಡಾ ನಡುವೆ ಮಾತ್ರ ಯಾವ ಬದಿ ಎನ್ನುವುದಕ್ಕೆ ಅರ್ಥವಿಲ್ಲ. ಅಲ್ಲಿ 416 ಮೀಟರ್ ಏರಲು ಹಳಿ ಬೆಟ್ಟದೊಳಗೇ ಸುರುಳಿ ಸುತ್ತುತ್ತದೆ, ಅದೇ ಹಳ್ಳಿ ಒಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ ಕಾಣುತ್ತದೆ.

ಎಡವಟ್ಟಾಗುವುದು ಹೀಗೆ. ಬರ್ನಿನಾ ಎಕ್ಸ್‌ಪ್ರೆಸ್ ಹೆಸರಿನಲ್ಲಿ ಎರಡು ಓಟಗಳಿವೆ: ಖೂರ್–ತಿರಾನೊ ಒಂದು, ಸೇಂಟ್ ಮೊರಿಟ್ಜ್–ತಿರಾನೊ ಇನ್ನೊಂದು. ಖೂರ್‌ನಿಂದ ಹೊರಟದ್ದು ಸೇಂಟ್ ಮೊರಿಟ್ಜ್‌ಗೆ ಹೋಗುವುದೇ ಇಲ್ಲ, ಪೊಂಟ್ರೆಸಿನಾ ಮೂಲಕ ಬಾಗುತ್ತದೆ. ಸೇಂಟ್ ಮೊರಿಟ್ಜ್‌ನಲ್ಲಿ ಹತ್ತುತ್ತೇವೆಂದುಕೊಂಡು ಖೂರ್ ರೈಲಿಗೆ ಸೀಟು ಮಾಡಿಸಿದವರು ಪ್ಲಾಟ್‌ಫಾರಂನಲ್ಲೇ ಉಳಿಯುತ್ತಾರೆ. ಸೇಂಟ್ ಮೊರಿಟ್ಜ್‌ನಿಂದ ಹೊರಡುವ ಚಿಕ್ಕ ಓಟ ಆರಿಸಿದರೆ ಲಾಂಡ್‌ವಾಸರ್ ಸೇತುವೆ ಆ ರೈಲಿನ ದಾರಿಯಲ್ಲಿ ಬರುವುದೇ ಇಲ್ಲ.

ನಮ್ಮ ಸಲಹೆ: ಖೂರ್‌ನಿಂದ ಹೋಗುವಾಗ ಎಕ್ಸ್‌ಪ್ರೆಸ್, ತಿರಾನೊದಿಂದ ಬರುವಾಗ ಸಾಮಾನ್ಯ ರೈಲು. ಬರುವಾಗ ಆಲ್ಪ್ ಗ್ರ್ಯೂಮ್‌ನಲ್ಲಿ (2,091 ಮೀಟರ್) ಇಳಿಯಿರಿ. ನಿಲ್ದಾಣದ ಕಟ್ಟಡದಲ್ಲೇ ಊಟದ ಮನೆ ಇದೆ, ಎದುರಿಗೆ ಪಾಲ್ಯೂ ಹಿಮನದಿ, ಕೆಳಗೆ ಸಾವಿರ ಮೀಟರ್ ಆಳದಲ್ಲಿ ಪೊಸ್ಕಿಯಾವೊ ಕಣಿವೆ. ಬೇಸಿಗೆಯಲ್ಲಿ ಬರ್ನಿನಾ ಮಾರ್ಗದ ಕೆಲವು ಸಾಮಾನ್ಯ ರೈಲುಗಳಿಗೆ ಚಾವಣಿಯೇ ಇಲ್ಲದ ಹಳದಿ ಬೋಗಿ ಜೋಡಿಸುತ್ತಾರೆ. ಬಿಸಿಲಿದ್ದರೂ ಘಾಟಿಯ ಗಾಳಿ ಚುಚ್ಚುತ್ತದೆ. ಕಿವಿ ಮುಚ್ಚುವ ಟೋಪಿ ಇಟ್ಟುಕೊಳ್ಳಿ.

ತಿರಾನೊ ಇಟಲಿಯ ಊರು. ಎರಡೂ ದೇಶ ಷೆಂಗೆನ್ ವಲಯದಲ್ಲಿರುವುದರಿಂದ ಬೇರೆ ವೀಸಾ ಬೇಡ, ಆದರೆ ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಬರಬೇಡಿ. ಗಡಿಯಲ್ಲಿ ತಪಾಸಣೆ ಇರಬಹುದು. ಊರಿನೊಳಗೆ ಕೆಂಪು ರೈಲು ಬೀದಿಯಲ್ಲೇ, ಮದೋನ್ನಾ ದಿ ತಿರಾನೊ ಬಸಿಲಿಕಾದ ಮುಂದೆ ಹಾದುಹೋಗುತ್ತದೆ. ಅಲ್ಲಿಂದ ಮಿಲಾನ್‌ಗೆ ಎರಡೂವರೆ ಗಂಟೆ. ಪ್ರವಾಸ ಇಟಲಿಯತ್ತ ಮುಂದುವರಿಯುವುದಾದರೆ ವಾಪಸು ಬರುವ ಗೋಜೇ ಇಲ್ಲ. ಮಿಲಾನ್ ರೈಲು ಪಕ್ಕದ ಇನ್ನೊಂದು ನಿಲ್ದಾಣದಿಂದ ಹೊರಡುತ್ತದೆ, ಅದಕ್ಕೆ ಟಿಕೆಟ್ ಬೇರೆ.

ಗ್ಲೇಸಿಯರ್: ಕೂತು ನೋಡುವವರಿಗೆ

ಜೆರ್ಮಾಟ್‌ನಿಂದ ಸೇಂಟ್ ಮೊರಿಟ್ಜ್‌ಗೆ 291 ಕಿಲೋಮೀಟರ್, ಸುಮಾರು ಎಂಟು ಗಂಟೆ, 91 ಸುರಂಗ, 291 ಸೇತುವೆ. 1930ರಲ್ಲಿ ಶುರುವಾದ ಇದಕ್ಕೆ ಜಗತ್ತಿನ ಅತಿ ನಿಧಾನದ ಎಕ್ಸ್‌ಪ್ರೆಸ್ ಎಂಬ ಬಿರುದಿದೆ. ಸೀಟಿಗೇ ಬಿಸಿ ಊಟ ಬರುತ್ತದೆ. ಸಸ್ಯಾಹಾರ ಬೇಕಾದರೆ ರಿಸರ್ವೇಶನ್ ಮಾಡುವಾಗಲೇ ಹೇಳಿಡಿ.

ಹೆಸರು ನೋಡಿ ಹಿಮನದಿ ಕಾಣುತ್ತದೆಂದು ಹೋದವರಿಗೆ ನಿರಾಸೆಯಾಗುತ್ತದೆ. ಹಿಂದೆ ಈ ರೈಲು ಫುರ್ಕಾ ಘಾಟಿಯ ಮೇಲೆ, ರೋನ್ ಹಿಮನದಿಯ ಹತ್ತಿರ ಹಾದು ಹೋಗುತ್ತಿತ್ತು. ಚಳಿಗಾಲದಲ್ಲಿ ಹಿಮ ಕುಸಿದು ದಾರಿ ಮುಚ್ಚುತ್ತಿತ್ತು. 1982ರಲ್ಲಿ 15.4 ಕಿಲೋಮೀಟರಿನ ಫುರ್ಕಾ ತಳಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಓಡುವಂತಾಯಿತು, ಹಿಮನದಿ ಕಿಟಕಿಯಿಂದ ಮಾಯವಾಯಿತು. ಈಗ ಅಲ್ಲಿ ಕಾಣುವುದು ಕತ್ತಲೆ. ಹಳೆಯ ದಾರಿ ಪೂರ್ತಿ ಸತ್ತಿಲ್ಲ. ಸ್ವಯಂಸೇವಕರು ಅದನ್ನು ಉಳಿಸಿಕೊಂಡು ಬೇಸಿಗೆಯಲ್ಲಿ ರೆಆಲ್ಪ್ ಮತ್ತು ಓಬರ್‌ವಾಲ್ಡ್ ನಡುವೆ ಉಗಿಬಂಡಿ ಓಡಿಸುತ್ತಾರೆ. ವಿಯೆಟ್ನಾಂಗೆ ಮಾರಿಹೋಗಿದ್ದ ಎಂಜಿನ್‌ಗಳನ್ನು 1990ರಲ್ಲಿ ಹುಡುಕಿ ವಾಪಸು ತಂದು ಸರಿಮಾಡಿಕೊಂಡ ಜನ ಅವರು.

ದಾರಿಯ ಪಶ್ಚಿಮ ಭಾಗದಲ್ಲಿ, 2,033 ಮೀಟರಿನ ಓಬರಾಲ್ಪ್ ಘಾಟಿಯೂ ಸೇರಿ, ಕಡಿದಾದ ಕಡೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ. ಎಂಜಿನ್‌ನ ಹಲ್ಲುಗಾಲಿ ಅದನ್ನು ಕಚ್ಚಿ ಹತ್ತುತ್ತದೆ. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವ ನೀಲಗಿರಿ ರೈಲಿನದೂ ಇದೇ ವ್ಯವಸ್ಥೆ. ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ್ದು ಅದು, ಊಟಿಯ ಹಳೆಯ ಉಗಿ ಎಂಜಿನ್‌ಗಳು ಬಂದದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಟೂರ್ ಕಾರ್ಖಾನೆಯಿಂದ.

ಎಂಟು ಗಂಟೆಯೂ ಒಂದೇ ತೂಕದ್ದಲ್ಲ. ಆಂಡರ್ಮಾಟ್‌ನಿಂದ ಓಬರಾಲ್ಪ್ ಏರಿ ಡಿಸೆಂಟಿಸ್‌ಗೆ ಇಳಿಯುವ ಭಾಗ, ಇಲಾಂಟ್ಸ್ ಮತ್ತು ರೈಶೆನಾವ್ ನಡುವಿನ ರೈನ್ ಕಮರಿ, ಖೂರ್ ನಂತರದ ಆಲ್ಬುಲಾ ಇವು ಜೀವಾಳ. ಬ್ರಿಗ್ ನಂತರದ ಮೇಲಿನ ರೋನ್ ಕಣಿವೆ ಚಂದವೇ, ಆದರೆ ಉದ್ದ. ಕಮರಿಯ ಹೊತ್ತಿಗೆ ಊಟ ಮುಗಿಸಿ ಅರ್ಧ ಬೋಗಿ ತೂಕಡಿಸುತ್ತಿರುತ್ತದೆ. ಖೂರ್‌ನಿಂದ ಮುಂದಿನದು ಬರ್ನಿನಾದವರೂ ನೋಡುವ ಹಳಿಯೇ. ಹಾಗಾಗಿ ಎರಡೂ ಎಕ್ಸ್‌ಪ್ರೆಸ್‌ಗಳನ್ನು ಪೂರ್ತಿ ಹತ್ತುವವರು ಆಲ್ಬುಲಾ ಭಾಗಕ್ಕೆ ಎರಡು ಸಲ ರಿಸರ್ವೇಶನ್ ಹಣ ಕೊಟ್ಟಂತೆ. ಎರಡೂ ಬೇಕೆನಿಸಿದರೆ ಗ್ಲೇಸಿಯರ್‌ನಲ್ಲಿ ಜೆರ್ಮಾಟ್‌ನಿಂದ ಖೂರ್‌ವರೆಗೆ ಬಂದು ರಾತ್ರಿ ಅಲ್ಲೇ ಉಳಿದು, ಮರುದಿನ ಬರ್ನಿನಾ ಹತ್ತಿ.

ಖೂರ್‌ನಲ್ಲಿ ರೈಲು ಮುಖ ಬದಲಿಸುತ್ತದೆ. ಜೆರ್ಮಾಟ್‌ನಲ್ಲಿ ಹೊರಡುವಾಗ ಎಡಬದಿಯಲ್ಲಿದ್ದ ಸೀಟು ಅಲ್ಲಿಂದ ಮುಂದೆ ಬಲಬದಿಯಾಗುತ್ತದೆ. ಪೂರ್ತಿ ದಾರಿ ಹೋಗುವವರು ಲಾಂಡ್‌ವಾಸರ್ ಸೇತುವೆಗಾಗಿ ಹೊರಡುವಾಗಿನ ಎಡವನ್ನೇ ಕೇಳಬೇಕು.

ಎರಡನೇ ದರ್ಜೆಯ ಟಿಕೆಟ್ 160 ಫ್ರಾಂಕ್ ಆಸುಪಾಸು, ಕಡ್ಡಾಯ ರಿಸರ್ವೇಶನ್ 50ರ ಆಸುಪಾಸು, ಊಟ ಬೇರೆ. ಎರಡನೇ ದರ್ಜೆಯಲ್ಲೂ ಅದೇ ದೊಡ್ಡ ಗಾಜು; ಮೊದಲನೆಯದರಲ್ಲಿ ಸಾಲಿಗೆ ಮೂರೇ ಸೀಟು, ಅಷ್ಟೇ ವ್ಯತ್ಯಾಸ. 2019ರಲ್ಲಿ ಬಂದ 20 ಸೀಟಿನ ಎಕ್ಸಲೆನ್ಸ್ ದರ್ಜೆಯಲ್ಲಿ ಎಲ್ಲರಿಗೂ ಕಿಟಕಿ, ಹಲವು ಬಗೆಯ ಊಟ, ಆದರೆ ಮೊದಲ ದರ್ಜೆಯ ಟಿಕೆಟಿನ ಮೇಲೆ ಇನ್ನೂ ಸುಮಾರು 500 ಫ್ರಾಂಕ್. ಆ ಹಣಕ್ಕೆ ಜೆರ್ಮಾಟ್‌ನಲ್ಲಿ ಎರಡು ರಾತ್ರಿ ಉಳಿಯಬಹುದು.

ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರಿಗೆ ಗ್ಲೇಸಿಯರ್ ಒಪ್ಪುತ್ತದೆ: ರೈಲು ಬದಲಿಸಬೇಕಿಲ್ಲ, ಊಟ ಕೂತಲ್ಲಿಗೇ ಬರುತ್ತದೆ, ಶೌಚಾಲಯ ಹತ್ತಿರ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅದೇ ಎಂಟು ಗಂಟೆ ಶಿಕ್ಷೆ.

ಗೋಲ್ಡನ್‌ಪಾಸ್, ಬ್ರ್ಯೂನಿಗ್, ಗೋಟ್ಹಾರ್ಡ್

ಮೊಂಟ್ರೂ–ಇಂಟರ್‌ಲಾಕೆನ್ ಗೋಲ್ಡನ್‌ಪಾಸ್ ಎಕ್ಸ್‌ಪ್ರೆಸ್ 2022ರ ಡಿಸೆಂಬರ್‌ನಿಂದ ಓಡುತ್ತಿದೆ, ಮೂರು ಗಂಟೆಗಿಂತ ತುಸು ಹೆಚ್ಚು. ಮೊದಲು ಟ್ಸ್ವೈಸಿಮ್ಮೆನ್‌ನಲ್ಲಿ ಎಲ್ಲರೂ ಪೆಟ್ಟಿಗೆ ಎತ್ತಿಕೊಂಡು ರೈಲು ಬದಲಿಸಬೇಕಿತ್ತು, ಯಾಕೆಂದರೆ ಅಲ್ಲಿಯವರೆಗೆ ಹಳಿಯ ಅಗಲ 1,000 ಮಿಲಿಮೀಟರ್, ಆಚೆಗೆ 1,435. ಈಗ ಬೋಗಿಗಳು ವಿಶೇಷ ಹಳಿಯ ಮೇಲೆ ನಿಧಾನ ಉರುಳುವಾಗಲೇ ಗಾಲಿಗಳ ನಡುವಿನ ಅಂತರ ಹಿಗ್ಗುತ್ತದೆ, ಎತ್ತರದ ಪ್ಲಾಟ್‌ಫಾರಂಗೆ ಸರಿಹೊಂದಲು ಬೋಗಿಯೂ ಮೇಲೇಳುತ್ತದೆ. ಒಳಗೆ ಕೂತವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ನೋಟದ ಮಟ್ಟಿಗೆ, ಮೊಂಟ್ರೂ ಬಿಟ್ಟು ಜಿನೀವಾ ಸರೋವರದ ಮೇಲೆ ಸುತ್ತಿ ಏರುವ ಮೊದಲ ಅರ್ಧ ಗಂಟೆಗೆ ಹೆಚ್ಚು ಅಂಕ. ಆಮೇಲೆ ಹುಲ್ಲುಗಾವಲು, ಮರದ ಮನೆ, ಹಸು. ಬರ್ನಿನಾದಂಥ ಎದೆಬಡಿತ ಇಲ್ಲಿಲ್ಲ. ಆ ಎರಡು ಊರುಗಳ ನಡುವೆ ಹೇಗೂ ಹೋಗಬೇಕಿದ್ದರೆ ಇದರಲ್ಲಿ ಹೋಗಿ, ಇದಕ್ಕಾಗಿಯೇ ಸುತ್ತಿ ಬರಬೇಕಿಲ್ಲ.

ಲೂಸರ್ನ್–ಇಂಟರ್‌ಲಾಕೆನ್ ರೈಲನ್ನು ಜನ ಬರೀ ಓಡಾಟದ ರೈಲೆಂದು ಎಣಿಸುವುದೇ ಹೆಚ್ಚು. ಎರಡು ಗಂಟೆಯೊಳಗೆ 1,002 ಮೀಟರಿನ ಬ್ರ್ಯೂನಿಗ್ ಘಾಟಿ ಮತ್ತು ಸಾಲು ಸರೋವರಗಳು, ರಿಸರ್ವೇಶನ್ ಕಡ್ಡಾಯವಲ್ಲ. ಲೂಸರ್ನ್‌ನಿಂದ ಹೊರಡುವಾಗ ಬಲಬದಿ ಕೂತುಬಿಡಿ. ಮೈರಿಂಗೆನ್‌ನಲ್ಲಿ ರೈಲು ದಿಕ್ಕು ಬದಲಿಸಿ ನಿಮ್ಮ ಬಲ ಎಡವಾದಾಗ, ಬ್ರೀನ್ಸ್ ಸರೋವರವೂ ಅದೇ ಬದಿಗೆ ಬರುತ್ತದೆ. ಕೊಟ್ಟ ಹಣಕ್ಕೆ ಸಿಗುವ ನೋಟ ಎಂದರೆ ಇಡೀ ದೇಶದಲ್ಲಿ ಇದೇ ಮುಂದು.

ಗೋಟ್ಹಾರ್ಡ್ ಪನೋರಮಾ ಎಕ್ಸ್‌ಪ್ರೆಸ್ ಎಂದರೆ ಲೂಸರ್ನ್‌ನಿಂದ ಫ್ಲ್ಯೂಲೆನ್‌ವರೆಗೆ ದೋಣಿ, ಅಲ್ಲಿಂದ ಲುಗಾನೊಗೆ ಮೊದಲ ದರ್ಜೆ ಮಾತ್ರವಿರುವ ರೈಲು. ವಸಂತದಿಂದ ಅಕ್ಟೋಬರ್‌ವರೆಗೆ ಓಟ. 1882ರ ಹಳೆಯ ಬೆಟ್ಟದ ದಾರಿಯಲ್ಲಿ ಸುರುಳಿ ಸುರಂಗಗಳಿಂದಾಗಿ ವಾಸೆನ್ ಊರಿನ ಚರ್ಚು ಮೂರು ಬೇರೆ ಎತ್ತರಗಳಿಂದ ಮೂರು ಸಲ ಕಾಣುತ್ತದೆ. ಅದಷ್ಟೇ ಸಾಕೆನ್ನುವವರು ಟ್ರೆನೊ ಗೊಟಾರ್ಡೊ ಎಂಬ ಸಾಮಾನ್ಯ ರೈಲಿನಲ್ಲಿ ಎರಡನೇ ದರ್ಜೆಯಲ್ಲೇ ಅದೇ ಹಳಿ ಹಿಡಿಯಬಹುದು. ತಪ್ಪಿ ಮಿಲಾನ್ ಕಡೆಯ ವೇಗದ ರೈಲು ಹತ್ತಿದರೆ 2016ರಲ್ಲಿ ತೆರೆದ 57 ಕಿಲೋಮೀಟರಿನ ತಳಸುರಂಗದೊಳಗೆ ಎಲ್ಲ ಮುಗಿದುಹೋಗುತ್ತದೆ.

ಶಿಖರದ ರೈಲುಗಳು

ಯುಂಗ್‌ಫ್ರಾವ್‌ಯೋಖ್ (3,454 ಮೀಟರ್) ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ, 1912ರದು. ಆದರೆ ರೈಲು ಪ್ರಯಾಣವೆಂದು ನೋಡಿದರೆ ಇದು ಸೋಲುತ್ತದೆ: ಐಗರ್‌ಗ್ಲೆಟ್ಷರ್ ನಂತರದ ಏರು ಹೆಚ್ಚೂಕಡಿಮೆ ಪೂರ್ತಿ ಬಂಡೆಯೊಳಗಿನ ಸುರಂಗ. ಇಲ್ಲಿ ಹೋಗುವುದು ಮೇಲಿನ ಹಿಮಕ್ಕಾಗಿ, ಆಲ್ಪ್ಸ್‌ನ ಅತಿ ಉದ್ದದ ಆಲೆಟ್ಷ್ ಹಿಮನದಿಗಾಗಿ. ಜುಲೈ ಮಧ್ಯದಲ್ಲೂ ಹಿಮ ಮುಟ್ಟಬೇಕೆಂದರೆ ಇದೇ. ಬೇಸಿಗೆಯಲ್ಲಿ ಇಂಟರ್‌ಲಾಕೆನ್‌ನಿಂದ ಹೋಗಿಬರಲು ತಲೆಗೆ 200 ಫ್ರಾಂಕ್ ದಾಟುತ್ತದೆ, ಆ ತಿಂಗಳುಗಳಲ್ಲಿ ಸೀಟೂ ಕಾಯ್ದಿರಿಸಬೇಕು. ಎತ್ತರಕ್ಕೆ ತಲೆ ಸುತ್ತುವುದು, ಉಸಿರು ಕಟ್ಟುವುದು ಸಾಮಾನ್ಯ. ಇಳಿದ ತಕ್ಷಣ ಮೆಟ್ಟಿಲು ಓಡಬೇಡಿ, ನೀರು ಕುಡಿಯುತ್ತಿರಿ. ಹೃದಯದ ತೊಂದರೆ ಇರುವವರು ಊರಿನಲ್ಲೇ ವೈದ್ಯರನ್ನು ಕೇಳಿ ಹೊರಡಿ.

ಗೋರ್ನರ್‌ಗ್ರಾಟ್ (3,089 ಮೀಟರ್) 1898ರಿಂದ ವಿದ್ಯುತ್ತಿನಲ್ಲೇ ಓಡುತ್ತಿರುವ ಹಲ್ಲುಹಳಿ ರೈಲು. ಜೆರ್ಮಾಟ್‌ನಿಂದ ಅರ್ಧ ಗಂಟೆಗೆ ತುಸು ಹೆಚ್ಚು, ದಾರಿ ಬಹುಪಾಲು ಬಯಲು. ಹತ್ತುವಾಗ ಬಲಬದಿಯಲ್ಲಿ ಮ್ಯಾಟರ್‌ಹಾರ್ನ್ ಬಿಡದೆ ಜೊತೆಗಿರುತ್ತದೆ. ಇಳಿಯುವಾಗ ರೋಟೆನ್‌ಬೋಡೆನ್‌ನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ರಿಫೆಲ್‌ಸೇ ಎಂಬ ಪುಟ್ಟ ಕೊಳ. ಗಾಳಿ ಏಳುವ ಮೊದಲು, ಬೆಳಿಗ್ಗೆ, ಅದರಲ್ಲಿ ಶಿಖರ ತಲೆಕೆಳಗಾಗಿ ಕಾಣುತ್ತದೆ. ಎರಡರಲ್ಲಿ ಒಂದೇ ಎಂದರೆ ರೈಲಿಗಾಗಿ ಗೋರ್ನರ್‌ಗ್ರಾಟ್, ಹಿಮಕ್ಕಾಗಿ ಯುಂಗ್‌ಫ್ರಾವ್.

ಲೂಸರ್ನ್‌ನಲ್ಲಿ ಉಳಿದವರಿಗೆ ರಿಗಿ ಮತ್ತು ಪಿಲಾಟುಸ್ ಇವೆ. 1871ರ ರಿಗಿ ರೈಲು ಯುರೋಪಿನ ಮೊದಲ ಬೆಟ್ಟದ ರೈಲು. ಸ್ವಿಸ್ ಟ್ರಾವೆಲ್ ಪಾಸ್ ಇದ್ದವರಿಗೆ ಪೂರ್ತಿ ಉಚಿತ. 1889ರ ಪಿಲಾಟುಸ್ 48 ಶೇಕಡಾ ಏರಿನ, ಜಗತ್ತಿನ ಅತಿ ಕಡಿದಾದ ಹಲ್ಲುಹಳಿ. ಚಳಿಗಾಲದಲ್ಲಿ ಆ ರೈಲು ಇಲ್ಲ, ಇನ್ನೊಂದು ಬದಿಯ ಕೇಬಲ್ ಕಾರು ಮಾತ್ರ.

ಪಾಸಿನ ಲೆಕ್ಕ

ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8, 15 ದಿನಗಳಿಗೆ ಸಿಗುತ್ತದೆ. ಗ್ಲೇಸಿಯರ್, ತಿರಾನೊವರೆಗಿನ ಬರ್ನಿನಾ, ಗೋಲ್ಡನ್‌ಪಾಸ್ ಎಲ್ಲದರ ಟಿಕೆಟ್ ಇದರೊಳಗೆ ಬರುತ್ತದೆ. ರಿಸರ್ವೇಶನ್ ಮಾತ್ರ ಬರುವುದಿಲ್ಲ. ಪಾಸು ಇದ್ದರೂ ರಿಸರ್ವೇಶನ್ ಇಲ್ಲದೆ ಗ್ಲೇಸಿಯರ್ ಹತ್ತುವಂತಿಲ್ಲ. ಬರೀ ರಿಸರ್ವೇಶನ್ ಚೀಟಿ ಹಿಡಿದು ಅದನ್ನೇ ಟಿಕೆಟ್ ಅಂದುಕೊಂಡರೆ ದಂಡ.

ಶಿಖರಗಳಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಯುಂಗ್‌ಫ್ರಾವ್‌ಯೋಖ್‌ಗೆ ಪಾಸಿನವರಿಗೆ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗೆನ್‌ವರೆಗೆ ಉಚಿತ, ಅಲ್ಲಿಂದ ಮೇಲಕ್ಕೆ 25 ಶೇಕಡಾ ಮಾತ್ರ ರಿಯಾಯಿತಿ. ಒಂದು ತಿಂಗಳ ಹಾಫ್ ಫೇರ್ ಕಾರ್ಡ್ ಇದ್ದವರಿಗೆ ಅರ್ಧ ಬೆಲೆ. ಒಂದೇ ಊರಿನಲ್ಲಿ ಉಳಿದು ಒಂದೆರಡು ಶಿಖರ, ಒಂದು ಎಕ್ಸ್‌ಪ್ರೆಸ್ ಎನ್ನುವವರಿಗೆ ಹಾಫ್ ಫೇರ್ ಕಾರ್ಡ್ ಅಗ್ಗ. ದಿನಕ್ಕೊಂದು ಊರು ಬದಲಿಸುವವರಿಗೆ ಪಾಸು. 6ರಿಂದ 15 ವರ್ಷದ ಮಕ್ಕಳಿಗೆ ಉಚಿತ ಫ್ಯಾಮಿಲಿ ಕಾರ್ಡ್ ಕೇಳಿ ಪಡೆಯಿರಿ, ಪೋಷಕರ ಜೊತೆ ಅವರಿಗೆ ಟಿಕೆಟ್ ಬೇಡ. ಸೀಟು ರಿಸರ್ವೇಶನ್‌ಗೆ ಹಣ ಕೊಡಬೇಕು.

ಕಾಲವೂ ಆಯ್ಕೆಯನ್ನು ಬದಲಿಸುತ್ತದೆ. ಗ್ಲೇಸಿಯರ್ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರಗಳವರೆಗೆ ಓಡುವುದಿಲ್ಲ; ದೀಪಾವಳಿ ರಜೆಗೆ ಹೊರಡುವವರು ಸಿಕ್ಕಿಬೀಳುವುದು ಇಲ್ಲೇ. ಆಗ ಬರ್ನಿನಾ ಇದೆ, ವರ್ಷವಿಡೀ. ಗ್ಲೇಸಿಯರ್ ದಾರಿಯೇ ಬೇಕೆಂದರೆ ಸಾಮಾನ್ಯ ರೈಲುಗಳಲ್ಲಿ ವಿಸ್ಪ್ ಅಥವಾ ಬ್ರಿಗ್, ಆಂಡರ್ಮಾಟ್, ಡಿಸೆಂಟಿಸ್‌ಗಳಲ್ಲಿ ಬದಲಿಸುತ್ತಾ ಹೋಗಬಹುದು. ಡಿಸೆಂಬರ್‌ನಲ್ಲಿ ಸಂಜೆ ಐದರೊಳಗೆ ಕತ್ತಲಾಗುವುದರಿಂದ ಆಲ್ಬುಲಾ ಭಾಗ ಹಗಲಿನಲ್ಲೇ ಸಿಗುವಂತೆ ಬೆಳಿಗ್ಗೆಯ ರೈಲು ಹಿಡಿಯಿರಿ. ಏಪ್ರಿಲ್‌ನಲ್ಲಿ ಕೆಳಗಿನ ಕಣಿವೆ ಹಸಿರು, ಮೇಲೆ ಇನ್ನೂ ಹಿಮ. ಬರ್ನಿನಾಗೆ ಒಳ್ಳೆಯ ಕಾಲ, ಲಾಗೊ ಬಿಯಾಂಕೊ ಮಾತ್ರ ಆಗಿನ್ನೂ ಹೆಪ್ಪುಗಟ್ಟಿರುತ್ತದೆ.

ದೊಡ್ಡ ಸೂಟ್‌ಕೇಸ್‌ಗಳಿಗೆ ಈ ಬೋಗಿಗಳಲ್ಲಿ ಜಾಗ ಕಡಿಮೆ. ಸ್ವಿಸ್ ರೈಲ್ವೆಯ ಸಾಮಾನು ಸಾಗಣೆ ಸೇವೆಯಲ್ಲಿ ಅವನ್ನು ಮುಂದಿನ ಊರಿಗೆ ಮೊದಲೇ ಕಳಿಸಿ, ಒಂದು ರಾತ್ರಿಯ ಬಟ್ಟೆ, ಔಷಧಿ, ಪಾಸ್‌ಪೋರ್ಟ್ ಇರುವ ಕೈಚೀಲದೊಂದಿಗೆ ಹತ್ತಿ. ಬರ್ನಿನಾದಲ್ಲಿ ಊಟದ ಬೋಗಿ ಇಲ್ಲ, ತಿಂಡಿ-ಪಾನೀಯ ಅಷ್ಟೇ. ಬುತ್ತಿಯನ್ನು ಖೂರ್ ನಿಲ್ದಾಣದ ಅಂಗಡಿಯಲ್ಲಿ ಕೊಂಡುಕೊಳ್ಳಿ, ನೀರಿನ ಬಾಟಲಿಯನ್ನು ಊರಿನ ಯಾವ ನಲ್ಲಿಯಲ್ಲಾದರೂ ತುಂಬಿಸಿಕೊಳ್ಳಬಹುದು.